ಕೊಟ್ಟಿಗೆಯಲ್ಲಿ ಹೂಡಿದ ಒಲೆ

ಒಡೆಯಲಿರುವ ಒಲೆಯನ್ನು ಯಾರಾದರೂ ಸಾರಿಸುತ್ತಾರೆಯೆ? ಆದರೂ ಗೌಂಡಿ ಪಾಲಣ್ಣ ಸುತ್ತಿಗೆ ಹಿಡಿದು ಬರುವ ಹೊತ್ತಿಗೆ ಉಚ್ಚಂಗೆಮ್ಮ ಒಲೆ ಸಾರಿಸಿ, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ಅದರ ಮುಂದೆ ಕೂತಿದ್ದಳು. ಕೂತವಳಿಗೆ ಏಳಲು ಆಗಲಿಲ್ಲ. ಸೊಸೆ ಮೇಘಾ ಬಂದು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು.

"ಇದಕ್ಕ ಅತ್ತಿ, ಇದಕ್ಕ ಒಡಸಾಕತ್ತೀವಿ," ಎಂದಳು.

ಕೂಡ್ಲಿಗಿಯ ಆ ಮನೆಯಲ್ಲಿ ಅಡುಗೆಯೆಲ್ಲ ನೆಲದ ಮೇಲೆ ಕೂತೇ ಆಗುತ್ತಿತ್ತು. ಗ್ಯಾಸ್ ಬಂದ ಮೇಲೂ ಅದನ್ನು ಒಲೆಯ ಪಕ್ಕದಲ್ಲಿ, ನೆಲಕ್ಕೇ ಇಟ್ಟುಕೊಂಡಿದ್ದಳು ಉಚ್ಚಂಗೆಮ್ಮ. ಆಕೆಯ ಮೊಣಕಾಲುಗಳು ಮುಷ್ಕರ ಹೂಡಿದ ಮೇಲೆ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮೇಘಾ ಗಂಡನಿಗೆ ದುಂಬಾಲು ಬಿದ್ದು, ನಿಂತು ಮಾಡುವ ಅಡುಗೆಮನೆ ಕಟ್ಟಿಸಲು ಒಪ್ಪಿಸಿದ್ದಳು. ಗಂಡ ಭೀಮರಾಜ ಲೈನ್‌ಮನ್. ಬೇಸಿಗೆಯಲ್ಲೇ ಮುಗಿಸಿಬಿಡಬೇಕೆಂದು ಹಟ ಹಿಡಿದವನು ಅವನೇ.

ಅಲ್ಲಿಯವರೆಗೆ ಅಡುಗೆ ಎಲ್ಲಿ? ಎತ್ತು ಮಾರಿದ ಮೇಲೆ ಬೈಕು ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ. ಭೀಮರಾಜ ಬೈಕನ್ನು ಹೊರಗೆ ತಳ್ಳಿ, ಮನೆಯಿಂದ ವೈರ್ ಎಳೆದು ಬಲ್ಬು ಇಳಿಬಿಟ್ಟ. ಮೇಘಾ ತಗಡಿನ ಟ್ರಂಕಿನ ಮೇಲೆ ಗ್ಯಾಸ್ ಒಲೆ ಇಟ್ಟಳು, ಎತ್ತು ಕಟ್ಟುವ ಗೂಟಕ್ಕೆ ಸೌಟು, ಜಾಲರಿ ನೇತುಹಾಕಿದಳು. ಪಡಸಾಲೆಯ ಧೂಳಿಗೆ ಅಂಜಿ ಬುದ್ಧನ ಫೋಟೋವನ್ನೂ ತಂದು ಅಲ್ಲೇ ಗೋಡೆಗೆ ಒರಗಿಸಿದಳು.

"ಲೈನ್‌ಮನ್ ಮನ್ಯಾಗ ವೈರ್ ನೋಡು, ಹಗ್ಗದಂಗ ಜೋತಾಡಾಕತ್ತೈತಿ," ಎಂದು ಪಕ್ಕದ ಮನೆಯ ಅಂಜಿನಕ್ಕ ಗೋಡೆಯ ಮೇಲಿಂದ ನಕ್ಕಳು.

ಈ ಗಡಿಬಿಡಿಯಲ್ಲಿ ಒಬ್ಬ ಮಾತ್ರ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬೇವಿನ ಮರದ ಕೆಳಗೆ ನಿಂತಿದ್ದ. ಅವನು ಉಚ್ಚಂಗೆಮ್ಮನ ಗಂಡ ಹುಲುಗಪ್ಪ.

ಹುಲುಗಪ್ಪ ದುಡಿದದ್ದೆಲ್ಲ ಹಡಗಲಿ ಕಡೆಯ ಒಂದು ಹಾಸ್ಟೆಲ್‌ನ ಅಡುಗೆಮನೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಭಾನುವಾರ ಮನೆಗೆ ಬರುತ್ತಿದ್ದ. ಬಂದರೆ ನೆಂಟ ಬಂದ ಹಾಗೆ. ಒಲೆಯ ಕಡೆ ಮುಖ ಹಾಕುತ್ತಿರಲಿಲ್ಲ. "ಅಲ್ಲಿ ಹೊಗಿ ಕುಡದು ಬಂದೀನಿ, ಇಲ್ಲೂ ಕುಡೀಲೇನು?" ಎನ್ನುತ್ತಿದ್ದ. ಹಾಸ್ಟೆಲ್ಲಿನ ಒಂದು ಕಾಳನ್ನೂ ಮನೆಗೆ ತಂದವನಲ್ಲ. ಹೀಗಾಗಿ ಅಡುಗೆಯವನನ್ನು ಕಟ್ಟಿಕೊಂಡ ಉಚ್ಚಂಗೆಮ್ಮ, ಮಗ ದೊಡ್ಡವನಾಗಿ ಸೊಸೆ ಬಂದರೂ ಗಂಡನ ಕೈಯ ಅಡುಗೆಯ ರುಚಿ ಕಂಡಿರಲಿಲ್ಲ. ಊರಮಕ್ಕಳೆಲ್ಲ ಉಂಡಿದ್ದರು. ಈಕೆ ಉಂಡಿರಲಿಲ್ಲ.

ಕಳೆದ ವರ್ಷ ಅವನು ನಿವೃತ್ತನಾಗಿ ಬಂದ. ಬಂದವನು ಮನೆಗೆ ಹೊಂದಿಕೊಳ್ಳಲಿಲ್ಲ. ಬೆಳಿಗ್ಗೆ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದ. ಬಾಯಾರಿದರೆ ಹೊಸ್ತಿಲಾಚೆ ನಿಂತು "ಚೂರು ನೀರು ಕುಡೀಲೇನು?" ಎಂದು ಕೇಳುತ್ತಿದ್ದ. ತನ್ನ ಮನೆಯ ಕೊಡದ ನೀರಿಗೆ ಗಂಡ ಅಪ್ಪಣೆ ಕೇಳುವುದು ಆಕೆಯ ಎದೆಗೆ ಮುಳ್ಳಿನಂತೆ ತಾಗುತ್ತಿತ್ತು. ಆದರೆ ಆಡುತ್ತಿರಲಿಲ್ಲ.

ಯುಗಾದಿಯ ಮರುದಿನ, ಉಣ್ಣುತ್ತಾ ಉಣ್ಣುತ್ತಾ, ತಲೆ ಎತ್ತದೆ ಹೇಳಿದ್ದ: "ಹೊನ್ನೂರಸ್ವಾಮಿ ಸರ್ ಫೋನ್ ಮಾಡಿದ್ರು. ನಮ್ಮ ಹಳೇ ವಾರ್ಡನ್. ಕೊಟ್ಟೂರು ಕಡಿ ಒಂದು ವಸತಿ ಶಾಲಿ ನೋಡ್ಕೊಳ್ಳಾಕತ್ಯಾರಂತ. ರಜಾ ಮುಗಿದ ಮ್ಯಾಲ ಅಡಿಗಿಗೆ ಬಾ ಅಂತಾರ."

"ಹೌದೇನ್ರಿ," ಎಂದಿದ್ದಳು ಉಚ್ಚಂಗೆಮ್ಮ. ಅಷ್ಟೇ.

ಬ್ಯಾಡ ಅನ್ನುವುದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಪ್ರಾಯದಲ್ಲಿ ಆ ಮಾತು ಆಡದಿರುವುದಕ್ಕೆ ಹೊಟ್ಟೆಪಾಡಿನ ಕಾರಣವಿತ್ತು. ಈಗ ಕಾರಣವೇನೂ ಇರಲಿಲ್ಲ. ಆಡದೇ ಬೆಳೆದ ಮಾತು ಮುದುಕಿಯ ಬಾಯಲ್ಲಿ ಹೇಗೆ ಹೊರಳೀತು? ಹೋಗುತ್ತೇನೆ ಎಂದು ಅವನೂ ಹೇಳಲಿಲ್ಲ. ಇರು ಎಂದು ಈಕೆಯೂ ಹೇಳಲಿಲ್ಲ. ಬೇಸಿಗೆ ಹಾಗೇ ಕರಗುತ್ತಾ ಬಂತು.

ಕೊಟ್ಟಿಗೆಗೆ ಒಲೆ ಬಂದ ಮೊದಲ ಬೆಳಿಗ್ಗೆ ಮೇಘಾಳಿಗೆ ಆಸ್ಪತ್ರೆಯಿಂದ ಕರೆ ಬಂತು. "ಬಂದು ನಾನಾ ಮಾಡ್ತೀನಿ ಅತ್ತಿ, ನೀವು ಬಗ್ಗಬ್ಯಾಡ್ರಿ," ಎಂದು ಓಡಿದಳು. ಮಗ ಆಗಲೇ ಕಂಬ ಹತ್ತಲು ಹೋಗಿದ್ದ. ಪಾಲಣ್ಣ ಮತ್ತು ಅವನ ಆಳುಗಳು ಒಳಗೆ ಗೋಡೆ ಬೀಳಿಸುತ್ತಿದ್ದರು. ಉಚ್ಚಂಗೆಮ್ಮ ಟ್ರಂಕಿನ ಮುಂದೆ ನಿಂತಳು. ನಿಂತರೆ ಒಲೆ ತೀರ ಕೆಳಗೆ, ಕೂತರೆ ಏಳುವ ಮಾತಿಲ್ಲ. ಅರ್ಧ ಬಗ್ಗಿ ಬಾಂಡಲಿ ಇಟ್ಟಳು, ಎಣ್ಣೆ ಹಾಕಿದಳು, ಸಾಸಿವೆ ಡಬ್ಬಿಗೆ ಕೈ ಚಾಚಿದವಳು ಹಾಗೇ ಗೂಟ ಹಿಡಿದು ನಿಂತುಬಿಟ್ಟಳು.

ಹಿಂದಿನಿಂದ ಒಂದು ಕೈ ಬಂದು ಸೌಟು ತೆಗೆದುಕೊಂಡಿತು.

"ಸರಿ ಆ ಕಡಿ," ಎಂದ ಹುಲುಗಪ್ಪ.

ಆಕೆಯನ್ನು ತೋಳು ಹಿಡಿದು ಜೋಳದ ಚೀಲದ ಮೇಲೆ ಕೂರಿಸಿದ. ಟವೆಲನ್ನು ತಲೆಗೆ ಸುತ್ತಿ, ಟ್ರಂಕಿನ ಮುಂದೆ ಕುಕ್ಕುರುಗಾಲಲ್ಲಿ ಕೂತ. ಕೂತವನೇ ಬೇರೆ ಮನುಷ್ಯನಾದ. ಬೆನ್ನು ನೆಟ್ಟಗಾಯಿತು, ದನಿ ದೊಡ್ಡದಾಯಿತು.

"ಇವತ್ತು ಎಷ್ಟು ಮಂದಿ?"

"ಯಾರು?"

"ಉಣ್ಣೋರಬೇ!"

"ನಿಮ್ಮ ಮಗ, ಸೊಸಿ, ನೀವು, ನಾನು. ಹೊಸಾ ಹುಡುಗ್ರು ಯಾರೂ ಸೇರಿಲ್ರಿ," ಎಂದಳು. ನಗು ತಡೆಯಲಿಕ್ಕೆ ಸೆರಗು ಬಾಯಿಗೆ ಒತ್ತಿಕೊಂಡಳು.

ಅವನು ನಗಲಿಲ್ಲ. ಬಾಂಡಲಿ ತೆಗೆದಿಟ್ಟು, ಹಬ್ಬಕ್ಕೆ ಇಳಿಸುವ ದೊಡ್ಡ ಬೋಗುಣಿ ಹುಡುಕಿ ತಂದ. ಈರುಳ್ಳಿ ಹೆಚ್ಚಿದ್ದೇ ಹೆಚ್ಚಿದ್ದು. ರವೆಯ ಡಬ್ಬಿ ಪೂರಾ ಬರಿದಾಯಿತು. ಆ ಕೈಯನ್ನು ತಡೆಯಲು ಉಚ್ಚಂಗೆಮ್ಮನಿಗೆ ಮನಸ್ಸಾಗಲಿಲ್ಲ. ಉಪ್ಪಿಟ್ಟು ಬೋಗುಣಿಯ ಕಂಠದವರೆಗೆ ಉಬ್ಬಿ ನಿಂತಾಗ ಹುಲುಗಪ್ಪನೇ ಬೆಪ್ಪಾಗಿ ನೋಡಿದ.

"ಕಡಿಮಿನೇ ಹಾಕಿದ್ನಲ್ಲಬೇ..."

ಗೌಂಡಿಗಳು ಉಂಡರು. ಅಂಜಿನಕ್ಕನ ಮನೆಗೆ ಒಂದು ಪಾತ್ರೆ ಹೋಯಿತು. "ಮದಿವಿ ಐತೇನ ಉಚ್ಚಂಗಿ? ಹೇಳಲೇ ಇಲ್ಲಲ್ಲ ನಮಗ!" ಎಂದಳು ಅಂಜಿನಕ್ಕ. ಮೇಘಾ ಬಂದು ಬೋಗುಣಿ ನೋಡಿ, "ಮಾವಾ, ವಾರ್ಡಿಗೂ ಒಯ್ತೀನಿ ಬಿಡ್ರಿ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎಲ್ಲರದೂ ಮುಗಿದ ಮೇಲೆ ಕೊಟ್ಟಿಗೆಯಲ್ಲಿ ಇಬ್ಬರೇ ಉಳಿದರು. ಉಚ್ಚಂಗೆಮ್ಮ ಕಾದಳು. ಹುಲುಗಪ್ಪನೂ ಕಾದ. ಉಪ್ಪಿಟ್ಟು ಆರುತ್ತಾ ಬಂತು.

"ಉಣ್ಣಬೇ."

"ನೀವು ಉಣ್ರಿ."

"ಬಡಿಸಿದಾತ ಕಡೀಕ ಉಣ್ಣೋದು."

"ಮನಿಯಾಕಿ ಕಡೀಕ ಉಣ್ಣೋದು. ಇಷ್ಟು ವರ್ಷ ಹಂಗಾ ಉಂಡೀನಿ."

"ನಾನೂ ಹಂಗಾ ಉಂಡೀನಿ," ಎಂದ ಅವನು.

ಅಲ್ಲೊಂದು ದೊಡ್ಡ ಕೊಪ್ಪರಿಗೆಯ ತಳ ಕೆರೆದುಕೊಂಡು ಒಬ್ಬ, ಇಲ್ಲೊಂದು ಸಣ್ಣ ಗಡಿಗೆಯ ತಳ ಕೆರೆದುಕೊಂಡು ಒಬ್ಬಳು, ಎಷ್ಟೋ ಮಧ್ಯಾಹ್ನ ಒಂದೇ ಹೊತ್ತಿಗೆ ಒಬ್ಬೊಬ್ಬರೇ ಕೂತು ಉಂಡಿದ್ದರು. ಅದನ್ನು ಯಾರೂ ಯಾರಿಗೂ ಹೇಳಿರಲಿಲ್ಲ. ಉಚ್ಚಂಗೆಮ್ಮ ಎರಡು ತಟ್ಟೆ ತೆಗೆದು ಎರಡಕ್ಕೂ ಒಟ್ಟಿಗೆ ಬಡಿಸಿದಳು.

ಮೊದಲ ತುತ್ತಿಗೇ ಆಕೆಗೆ ಗೊತ್ತಾಯಿತು: ಖಾರವೇ ಇರಲಿಲ್ಲ. ಕೆಂಪು ಚಟ್ನಿ ಇಲ್ಲದೆ ರೊಟ್ಟಿ ಮುರಿಯದ ನಾಲಿಗೆ ಅದು. ಅವನು ಆಕೆಯ ಮುಖವನ್ನೇ ನೋಡುತ್ತಿದ್ದ.

"ಸಣ್ಣ ಸಣ್ಣ ಹುಡುಗ್ರು ಇರತಿದ್ವು," ಎಂದ ಮೆಲ್ಲಗೆ. "ಹೊಸದಾಗಿ ಬಂದವು ಅಳತಿದ್ವು. ಖಾರ ಹಾಕಿದ್ರ ಇನ್ನಷ್ಟು ಅಳತಿದ್ವು."

ಉಚ್ಚಂಗೆಮ್ಮ ಮೆಣಸಿನಕಾಯಿ ಕೇಳಲಿಲ್ಲ. ತಟ್ಟೆ ಬರಿದು ಮಾಡಿ, ಇನ್ನೊಂದು ಸೌಟು ಹಾಕಿಸಿಕೊಂಡಳು.

ಮರುದಿನದಿಂದ ಕೊಟ್ಟಿಗೆ ಅವನದಾಯಿತು. ಬಸ್ ಸ್ಟ್ಯಾಂಡಿಗೆ ಹೋಗುವುದು ನಿಂತಿತು. ಆಕೆ ಚೀಲದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಾ ಅಳತೆ ಕಲಿಸಿದಳು. ಸೇರು, ಪಾವು ಅವನ ತಲೆಗೆ ಹತ್ತಲಿಲ್ಲ. ಕಡೆಗೆ ತನ್ನ ಬೊಗಸೆ ಒಡ್ಡಿದಳು. "ಇದರಾಗ ಎರಡು. ಮೂರನೇದು ಹಾಕಿದ್ರಿ ಅಂದ್ರ ಅಂಜಿನಕ್ಕ ತಟ್ಟಿ ಹಿಡಕೊಂಡು ಬರ್ತಾಳ." ಅವನು ಆಕೆಯ ಬೊಗಸೆಯಿಂದಲೇ ಅಕ್ಕಿ ಸುರಿಸಿಕೊಂಡ. ಪ್ರತಿದಿನವೂ ಹಾಗೇ. ಡಬ್ಬಿಯಲ್ಲಿ ಲೋಟವಿದ್ದದ್ದು ಇಬ್ಬರಿಗೂ ಕಾಣಲಿಲ್ಲ.

ಆದರೆ ಕೊಟ್ಟಿಗೆ ಎಷ್ಟು ದಿನದ್ದು? ಒಳಗೆ ಗೋಡೆ ಎದ್ದಿತ್ತು, ಹಂಚಿನ ಜಾಗಕ್ಕೆ ಆರ್‌ಸಿಸಿ ಬಿದ್ದಿತ್ತು. ಸಿಮೆಂಟು ಒಣಗುವುದನ್ನು ಉಚ್ಚಂಗೆಮ್ಮ ದಿನಾ ಹೋಗಿ ಮುಟ್ಟಿ ನೋಡುತ್ತಿದ್ದಳು. ಹೊಸ ಅಡುಗೆಮನೆಯಾದರೆ ತಾನು ಅಲ್ಲಿ, ಅವನು ಮತ್ತೆ ಹೊಸ್ತಿಲಾಚೆ. ನೆಂಟನಾಗಿ ನಿಲ್ಲುವುದಕ್ಕಿಂತ ಕೊಟ್ಟೂರೇ ವಾಸಿ ಎಂದು ಅವನಿಗೆ ಅನಿಸಿದರೆ ತಪ್ಪೇನು?

ಬಿತ್ತನೆಗೆ ಮೊದಲಿನ ಒಂದು ಮಳೆ ಬಂದುಹೋದ ಬೆಳಿಗ್ಗೆ ಹೊನ್ನೂರಸ್ವಾಮಿಯ ಫೋನು ಬಂತು. ಹುಲುಗಪ್ಪನ ಕೈಯೆಲ್ಲ ಹಿಟ್ಟು. ಮೇಘಾ ಫೋನನ್ನು ಸ್ಪೀಕರಿಗೆ ಹಾಕಿ ಟ್ರಂಕಿನ ಮೇಲಿಟ್ಟಳು.

"ಏನಪಾ ಹುಲುಗಪ್ಪ, ಸಾಲಿ ಸುರುವಾಗಾಕ ಬಂತು. ಬರ್ತೀಯೋ, ಬ್ಯಾರೇರನ್ನ ನೋಡ್ಲೋ?"

ಅವನು ಹೆಂಡತಿಯ ಕಡೆ ನೋಡಿದ. ಈ ಸಲ ನೆಟ್ಟಗೇ ನೋಡಿದ. ಉಚ್ಚಂಗೆಮ್ಮ ಬೆಳ್ಳುಳ್ಳಿಯ ಸಿಪ್ಪೆಯ ಮೇಲೆ ಕಣ್ಣಿಟ್ಟಳು.

"ಸಂಜಿಕ ಹೇಳ್ತೀನ್ರಿ ಸರ್," ಎಂದ ಅವನು. ಮೇಘಾ ಇಬ್ಬರನ್ನೂ ನೋಡಿ, ಡ್ಯೂಟಿಗೆ ಹೋದಳು.

ಅಷ್ಟರಲ್ಲಿ ಒಳಗಿನಿಂದ ಪಾಲಣ್ಣ ಕೂಗಿದ. "ಯಕ್ಕಾ, ಬಾ ಇಲ್ಲಿ. ಒಲಿ ಇಡೋ ಕಟ್ಟಿ ಎತ್ತರ ನೋಡ್ಬೇಕು. ಗ್ವಾಡಿಗೆ ಬೆನ್ನು ಕೊಟ್ಟು ನಿಂದ್ರು, ಸ್ವಾಂಟದ ಹತ್ರ ಗೀಟು ಹಾಕ್ತೀನಿ."

ಉಚ್ಚಂಗೆಮ್ಮ ಹೋಗಿ ನಿಂತಳು. ಆಕೆ ಕುಳ್ಳಿ. ಪಾಲಣ್ಣ ಪೆನ್ಸಿಲಿನಿಂದ ಗೀಟು ಎಳೆದ. ಹಸಿ ಗಾರೆಯ ಮೇಲಿನ ಆ ಗೀಟನ್ನು ಆಕೆ ಬಹಳ ಹೊತ್ತು ನೋಡಿದಳು.

"ಇದು ರೊಟ್ಟಿ ಬಡಿಯೋ ಕಡಿ ಇರ್ಲಿ," ಎಂದಳು. "ಒಲಿ ಕಡೀದು ಬ್ಯಾರೆ ಹಾಕು."

"ಬ್ಯಾರೆ ಅಂದ್ರ?"

"ಅವರು ಎತ್ತರ ಅದಾರಲ್ಲ."

ಪಾಲಣ್ಣ ತಲೆ ಕೆರೆದುಕೊಂಡ. "ಎರಡು ಎತ್ತರದ ಕಟ್ಟಿನಾ? ಕಲ್ಲು ಒಂದಾ ತುಂಡು ತಂದೀನಿ ಯಕ್ಕಾ, ಕೊಯ್ಸಬೇಕಾಗ್ತೈತಿ. ನೋಡಿದೋರು ಗೌಂಡಿ ಕುಡದಿದ್ದ ಅಂತಾರ."

"ಅನ್ಲಿ. ಕೊಯ್ಸು."

ಹೊಸ್ತಿಲಾಚೆ ಹುಲುಗಪ್ಪ ನಿಂತಿದ್ದ. ಕೈಯಲ್ಲಿ ಇನ್ನೂ ಹಿಟ್ಟಿತ್ತು. ಉಚ್ಚಂಗೆಮ್ಮ ಅವನ ಮುಖ ನೋಡಲಿಲ್ಲ. ಗೋಡೆಯ ಕಡೆಗೇ ತಿರುಗಿಕೊಂಡು, "ಬರ್ರಿ, ಒಳಗ ಬಂದು ನಿಂದ್ರಿ," ಎಂದಳು.

ಅವನು ಬಂದು ಗೋಡೆಗೆ ಬೆನ್ನು ಕೊಟ್ಟ. ಪಾಲಣ್ಣ ಗೀಟು ಎಳೆದ. ಹುಲುಗಪ್ಪ ತಿರುಗಿ ಅದನ್ನು ನೋಡಿದ. ಇಲ್ಲದ ಒಲೆಯ ಮುಂದೆ ನಿಂತು, ಇಲ್ಲದ ಸೌಟನ್ನು ಒಂದೆರಡು ಸಲ ತಿರುವಿದ. ಆಮೇಲೆ ಗೀಟಿನ ಕೆಳಗೆ ತನ್ನ ಹಿಟ್ಟಿನ ಬೆರಳೊತ್ತಿ ಹೇಳಿದ:

"ಇಲ್ಲಿಗೆ ಮಾಡಪಾ. ದಿನಾ ನಿಂತು ಮಾಡಬೇಕು, ಎತ್ತರಾದ್ರ ಭುಜ ನೋಯ್ತೈತಿ."