ದುರ್ವಾಲಿನೋನ ಬಲಗಾಲು

ಅನಕ್ಲೆತೋ ಊರುಗೋಲಿನಿಂದ ಬಾಗಿಲು ನೂಕಿದ ರಭಸಕ್ಕೆ ಜುರಾಂದಿರನ ಕೈಯಲ್ಲಿದ್ದ ಕಾಫಿಯ ತಟ್ಟೆ ಕೆಳಗೆ ಬಿತ್ತು.

"ಎಲ್ಲಿ ಅವನು? ಇನ್ನೂ ಮುಚ್ಚಳ ಹಾಕಿಲ್ಲ ತಾನೆ?"

"ಸಾವಿನ ಮನೆ ಕಣೋ ಇದು," ಎಂದ ಜುರಾಂದಿರ್. ಸತ್ತ ದುರ್ವಾಲಿನೋ ಗಿರಣಿ ತಂಡದ ನಡುಮೈದಾನ ಆಳುತ್ತಿದ್ದಾಗ ಗೋಲು ಕಾದವನು ಇವನೇ. "ಕುಡಿದು ಬಂದ್ಯಾ?"

"ಮೂವತ್ತು ವರ್ಷದಿಂದ ಕಾದು ಬಂದೆ. ಆ ಬಲಗಾಲು ಮುರೀದೆ ಮಣ್ಣಿಗೆ ಬಿಡಲ್ಲ ಅಂತ ಅವತ್ತೇ ಹೇಳಿದ್ದೆ."

ಶವದ ಪೆಟ್ಟಿಗೆಯ ಪಕ್ಕದಿಂದ ಜುಲ್ಮೀರಾ ಎದ್ದಳು. ಗಂಡ ಹೋದದ್ದು ನಿನ್ನೆ. ಈ ತಮ್ಮ ಹೋಗಿ ಮೂವತ್ತು ವರ್ಷ. ಕೊಲ್ಲಿಯಾಚೆಯ ನಿತೆರೋಯಿಯಲ್ಲೇ ಇದ್ದರೂ ಒಂದು ಕ್ರಿಸ್ಮಸ್ಸಿಗೂ ಬಂದವನಲ್ಲ. ಇನ್ನು ಮುಂದೆ ತನ್ನವರು ಅಂತ ಅವಳಿಗೆ ಉಳಿದವನು ಇವನೊಬ್ಬನೇ.

*

ಮೂವತ್ತು ವರ್ಷದ ಹಿಂದೆ, ರಿಯೋದಲ್ಲಿ ಚೆಂಡಾಟಕ್ಕೆ ಸಂಬಳ ಶುರುವಾದ ವರ್ಷ. ಸಿರಿವಂತರ ಮಕ್ಕಳು ಹೊತ್ತು ಹೋಗದೆ ಆಡುತ್ತಿದ್ದರು, ನೇಕಾರ ದುರ್ವಾಲಿನೋ ಹೊಟ್ಟೆಗಾಗಿ ಆಡಿದ. ಸಂಬಳ ಕೊಟ್ಟ ಮೇಲೆ ಕಾಲೂ ಕೊಟ್ಟವನದೇ. ಒಂದು ಭಾನುವಾರ ಪಂದ್ಯದ ವಿರಾಮದಲ್ಲಿ ಗಿರಣಿ ಯಜಮಾನ ಬಂದ.

"ಎದುರು ತಂಡದ ಆ ಎಡಬದಿ ಹುಡುಗನ್ನ ನಿಲ್ಲಿಸು. ಇಲ್ಲಾಂದ್ರೆ ನಾಳೆಯಿಂದ ಮಗ್ಗಕ್ಕೆ ಹೋಗು."

"ಅವನು ನನ್ನ ಹೆಂಡ್ತಿ ತಮ್ಮ, ಯಜಮಾನ್ರೇ."

"ಹಂಗಾದ್ರೆ ಕ್ಷಮಿಸ್ತಾನೆ ಬಿಡು."

ಚೆಂಡು ಆಗಲೇ ಮುಂದೆ ಹೋಗಿತ್ತು. ದುರ್ವಾಲಿನೋನ ಬಲಗಾಲು ನಿಲ್ಲಲಿಲ್ಲ. ಹಸಿಬೆತ್ತ ಮುರಿದಂಥ ಸದ್ದು ಕೊನೇ ಸಾಲಿನವರಿಗೂ ಕೇಳಿತು. ಅನಕ್ಲೆತೋನ ಮಂಡಿ ಹಿಂದುಮುಂದಾಗಿ ಬಾಗಿತು. ಆಮೇಲೆ ಅದು ಯಾವತ್ತೂ ಮಡಚಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಥೂ.

ಮುಂದೆ ಎಷ್ಟೋ ವರ್ಷ ದುರ್ವಾಲಿನೋ ಭಾನುವಾರ ಭಾನುವಾರ ಒದ್ದ, ಒದೆಸಿಕೊಂಡ, ಮುಂದಿನ ಹಲ್ಲುಗಳನ್ನೆಲ್ಲ ಉಗಿದ. ಕೊನೆಗೆ ಅದೇ ಮಗ್ಗಕ್ಕೆ ಮರಳಿದ.

*

"ಪಕ್ಕಕ್ಕೆ ಸರಿ ಅಕ್ಕ."

"ಬೇಡ ಕಣೋ. ಒಂದು ಮಾತು ಕೇಳು, ಆ ಕಾಲು..."

"ಅವನ ಪರ ಇನ್ನೂ ವಕಾಲತ್ತಾ!"

ಅಡ್ಡ ಬಂದ ಜುರಾಂದಿರನ ದವಡೆಗೆ ಊರುಗೋಲು ಬಡಿಯಿತು. ಗೋಡೆಗೆ ರಕ್ತ ಚಿಮ್ಮಿತು. ಹೆಂಗಸರು ಚೀರಿದರು. ಹೆಣದ ಎದೆಮಟ್ಟ ಸೇವಂತಿಗೆ ತುಂಬಿತ್ತು. ಅನಕ್ಲೆತೋ ಪೆಟ್ಟಿಗೆಗೆ ಸೊಂಟ ಆನಿಸಿ, ಎರಡೂ ಕೈಯಲ್ಲಿ ಊರುಗೋಲೆತ್ತಿ ಬೀಸಿದ.

ಹೂ ಚೆಲ್ಲಾಡಿತು. ಹಲಗೆ ಸೀಳಿದ ಸದ್ದು ಬಂತು. ಮತ್ತೆ ಹೊಡೆದ. ಮತ್ತೆ ಬರೀ ಹಲಗೆ.

ಹೂವನ್ನು ಬಾಚಿ ನೋಡಿದ. ಬಲಗಡೆಯ ಪ್ಯಾಂಟನ್ನು ತೊಡೆಯ ಹತ್ತಿರ ಮಡಚಿ ಪಿನ್ನು ಚುಚ್ಚಲಾಗಿತ್ತು.

"ಯಾವಾಗ?"

"ಹೋದ ವರ್ಷ. ಸಕ್ಕರೆ ಕಾಯಿಲೆ, ಕೊಳೀತು, ಕತ್ತರಿಸಿದ್ರು. ನಿಂಗೆ ಹೇಳಿ ಕಳಿಸ್ತೀನಿ ಅಂದೆ. 'ಬೇಡ ಕಣೇ, ಈ ಕಾಲು ಮುರಿಯೋ ಆಸೆಗಾದ್ರೂ ನಿನ್ನ ತಮ್ಮ ಒಂದಿನ ನಿನ್ನ ಮನೆಗೆ ಬರ್ತಾನೆ' ಅಂದ್ರು ನಿನ್ನ ಭಾವ."

ಅನಕ್ಲೆತೋ ಬಾಗಿಲ ತನಕ ಹೋಗಿ ಅಲ್ಲೇ ಕುಸಿದು ಕೂತ. ಮಡಚದ ಕಾಲು ಹೊಸ್ತಿಲಿಗೆ ಅಡ್ಡ ಚಾಚಿಕೊಂಡಿತು. ಯಾರು ಹೇಳಿದರೂ ಏಳಲಿಲ್ಲ. ಪೆಟ್ಟಿಗೆ ಹೊತ್ತವರು ಒಬ್ಬೊಬ್ಬರಾಗಿ ಆ ಕಾಲು ದಾಟಿ ಬೀದಿಗಿಳಿದರು. ಹಿಂದೆ ಬಂದ ಜುಲ್ಮೀರಾ ಮಾತ್ರ ದಾಟಲಿಲ್ಲ. ಕರಿ ಲಂಗದ ಅಂಚು ಒತ್ತರಿಸಿಕೊಂಡು ತಮ್ಮನ ಪಕ್ಕ ನೆಲದ ಮೇಲೆ ಕೂತಳು.