ಕಿಟಕಿ ಕಡೆಯ ಕೆನ್ನೆ

ಬಸ್ ಓಡಿಸುವ ಸೊಸೆಯ ಮುಖದಲ್ಲಿ ಎರಡು ಬಣ್ಣ ಇದೆ ಎಂದು ಮೊದಲು ಕಂಡುಹಿಡಿದವರು ಅತ್ತೆ. ರಜೆಯ ದಿನ ಸೊಸೆ ಹಿತ್ತಿಲ ಬಾಗಿಲಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಅತ್ತೆ ಬಟ್ಟೆ ಒಣಹಾಕುವುದನ್ನು ಬಿಟ್ಟು ಬಂದು, ಅವಳ ಮುಖವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ನೋಡಿದರು, ಹಣ್ಣು ಆರಿಸುವವರ ಹಾಗೆ.

"ಈ ಕೆನ್ನೆ ನಿಂದು. ಆ ಕೆನ್ನೆ ಯಾರದ್ದೇ?" ಎಂದರು.

ಸೊಸೆ ನಕ್ಕಳು. ಆಮೇಲೆ ಒಳಗೆ ಹೋಗಿ ಕನ್ನಡಿ ನೋಡಿದಾಗ ನಗು ಬರಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತಾಗ ಕಿಟಕಿಯ ಕಡೆಗೆ ಬರುವ ಕೆನ್ನೆ ಕಂದಿಹೋಗಿತ್ತು. ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಅಲ್ಲಲ್ಲಿ ಕಂದು ಕಲೆ, ಚಹಾ ಚೆಲ್ಲಿ ಒರೆಸದೆ ಬಿಟ್ಟ ಮೇಜಿನಂತೆ. ಇನ್ನೊಂದು ಕೆನ್ನೆ ಮಾತ್ರ ಮೊದಲಿನ ಹಾಗೇ ಇತ್ತು.

ಅವಳನ್ನು ಪ್ರಯಾಣಿಕರು ಡ್ರೈವರಮ್ಮ ಎಂದೇ ಕರೆಯುತ್ತಿದ್ದರು. ಆ ಸೀಟು ಅವಳಿಗೆ ಸುಮ್ಮನೆ ಸಿಕ್ಕಿರಲಿಲ್ಲ. ಎಷ್ಟೋ ವರ್ಷ ಡಿಪೋದಲ್ಲಿ ಬಸ್ ತೊಳೆದು, ಓಡಿಸುವುದನ್ನು ಕಲಿತು, ಪರೀಕ್ಷೆ ಪಾಸಾಗಿ ಏರಿದ ಸೀಟು ಅದು. ಅಷ್ಟು ದೊಡ್ಡ ಬಸ್ಸು ಸೇತುವೆಯ ಪಕ್ಕದ ಇಕ್ಕಟ್ಟಾದ ತಿರುವಿನಲ್ಲಿ ತನ್ನ ಕೈಮಾತು ಕೇಳಿ ಮೆಲ್ಲಗೆ ಹೊರಳುವಾಗ ಅವಳಿಗೆ ಆಗುತ್ತಿದ್ದ ಸಂತೋಷವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದೂ ಒಂದು ಸಂತೋಷವೇ ಎಂದು ಕೇಳುತ್ತಾರೆ ಎಂಬ ಸಂಕೋಚ.

ಅತ್ತೆ ಅವತ್ತಿನಿಂದ ಒಂದೇ ರಾಗ ಹಿಡಿದರು. ಡಿಪೋದ ಟಿಕೆಟ್ ಕೋಣೆಯಲ್ಲಿ ಒಂದು ಜಾಗ ಖಾಲಿಯಿತ್ತು. ನೆರಳು, ಫ್ಯಾನು, ಕುರ್ಚಿ. ಬೇಕಾದರೆ ತಿಂಗಳು ಮುಗಿಯುವುದರೊಳಗೆ ಹೇಳು ಎಂದು ಮ್ಯಾನೇಜರ್ ಕೂಡ ಹೇಳಿದ್ದರು. ಮುಖ ಹಾಳುಮಾಡಿಕೊಂಡು ಆ ಚಕ್ರ ತಿರುಗಿಸುವುದು ಯಾವ ಪುರುಷಾರ್ಥಕ್ಕೆ ಎಂದು ಅತ್ತೆ ಹೊತ್ತಿಗೊಮ್ಮೆ ಕೇಳತೊಡಗಿದರು. ಗಂಡನನ್ನು ಕೇಳಿದರೆ ಅವನು, ನಿಮ್ಮಿಬ್ಬರ ಮಧ್ಯೆ ನನ್ನನ್ನು ಎಳೆಯಬೇಡಿ ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ.

ಡ್ರೈವರಮ್ಮ ಮೊದಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಡಿಪೋ ಕ್ಯಾಂಟೀನಿನಲ್ಲಿ ತಾನು ಯಾವಾಗಲೂ ಗೋಡೆ ಪಕ್ಕದ ಕುರ್ಚಿಯನ್ನೇ ಹುಡುಕುತ್ತಿದ್ದೇನೆ, ಒಳ್ಳೆಯ ಕೆನ್ನೆ ಜನರ ಕಡೆಗಿರಲಿ ಎಂದು, ಅನ್ನುವುದು ಒಂದು ದಿನ ಅವಳಿಗೇ ಹೊಳೆಯಿತು. ಮಾತುಮಾತಿಗೂ ಸೀಟಿ ಊದುವುದರಿಂದ ಸೀಟಿ ಎಂದೇ ಹೆಸರಾದ ಅವಳ ಕಂಡಕ್ಟರ್, ಅಕ್ಕನ ಮುಖದಲ್ಲಿ ಒಂದು ಕಡೆ ಬೆಳಿಗ್ಗೆ, ಒಂದು ಕಡೆ ಸಂಜೆ ಎಂದು ತಮಾಷೆ ಮಾಡಿದ. ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳು. ಮನೆಗೆ ಬಂದ ಮೇಲೆ ಮತ್ತೆ ಕನ್ನಡಿ ಮುಂದೆ ನಿಂತಳು.

ಫೋನಿನಲ್ಲಿ ಕಲೆ ತಿಳಿಯಾಗಿಸುವ ವಿಟಮಿನ್ ಸಿ ಸೀರಮ್ ಎಂಬ ಜಾಹೀರಾತು ಬಂದಾಗ ಮರುದಿನವೇ ಔಷಧಿ ಅಂಗಡಿಗೆ ಹೋಗಿ ಕೊಂಡಳು. ಚಿಕ್ಕ ಗಾಜಿನ ಬಾಟಲಿ, ನೀರಿನಂಥ ತಿಳಿ ದ್ರವ, ಮುಚ್ಚಳದಲ್ಲೇ ಹನಿ ಹಾಕುವ ಕೊಳವೆ. ಹೇಗೆ ಹಚ್ಚಬೇಕೆಂದು ಯಾರನ್ನೂ ಕೇಳಲಿಲ್ಲ. ಕಂದಿದ ಕೆನ್ನೆಗೆ ಮಾತ್ರ ಹಚ್ಚಿದಳು. ಚೆನ್ನಾಗಿರುವ ಕೆನ್ನೆಗೆ ಮದ್ದು ಯಾಕೆ ಎಂಬ ಲೆಕ್ಕ ಅವಳದು. ಬೆಳಿಗ್ಗೆ ಮನೆಯಲ್ಲಿ ಉಸಿರಾಡಲೂ ಪುರಸೊತ್ತಿರದ ಕಾರಣ ಬಾಟಲಿಯನ್ನು ಬಸ್ಸಿನಲ್ಲೇ ಇಟ್ಟಳು, ಸ್ಟೀರಿಂಗ್ ಮುಂದೆ, ದೊಡ್ಡ ಗಾಜಿನ ಕೆಳಗೆ. ಕೊನೆಯ ನಿಲ್ದಾಣ ಬಂದಾಗಲೆಲ್ಲ ಬೆವರು, ಧೂಳಿನ ಮೇಲೆಯೇ ನಾಲ್ಕು ಹನಿ. ಬೇಗ ಗುಣವಾಗಲಿ ಎಂದು ಮತ್ತೆರಡು.

ಕೆನ್ನೆ ಉರಿಯತೊಡಗಿತು. ಕಲೆಯ ಸುತ್ತ ಕೆಂಪಾಯಿತು. ಮೊದಲು ಕಂದು ಒಂದೇ ಇತ್ತು, ಈಗ ಕೆಂಪೂ ಸೇರಿತು. ಒಂದು ಸಂಜೆ ಅವಳು ಅತ್ತೆಯ ಎದುರು ಕೂತು, ನಾಳೆ ನಾಡಿದ್ದರಲ್ಲಿ ಟಿಕೆಟ್ ಕೋಣೆಗೆ ಒಪ್ಪಿಕೊಳ್ಳುತ್ತೇನೆ ಎಂದು ಹೇಳಿಬಿಟ್ಟಳು. ಅತ್ತೆಗೆ ಗೆದ್ದ ಸಂತೋಷ. ಆದರೆ ಸೊಸೆ ಅವತ್ತು ಅರ್ಧ ಊಟಕ್ಕೇ ಎದ್ದಳು. ಅದೂ ಅತ್ತೆಯ ಕಣ್ಣಿಗೆ ಬಿತ್ತು.

ಚರ್ಮದ ಆಸ್ಪತ್ರೆಯ ನರ್ಸ್ ಒಬ್ಬರು ದಿನಾ ಅದೇ ಬಸ್ಸಿಗೆ ಬರುತ್ತಿದ್ದರು. ಮರುದಿನ ಕೊನೆಯ ನಿಲ್ದಾಣದಲ್ಲಿ ಇಳಿಯುವಾಗ ಡ್ರೈವರಮ್ಮ ಬಾಟಲಿ ತೆಗೆದಿದ್ದು ಕಂಡು ಮೆಟ್ಟಿಲಲ್ಲೇ ನಿಂತರು.

"ಅದೇನ್ರೀ ಡ್ರೈವರಮ್ಮ, ಎಂಜಿನ್‌ಗೆ ಹಾಕೋದನ್ನ ಮುಖಕ್ಕೆ ಹಾಕ್ಕೋತಿದ್ದೀರಾ?"

"ಸೀರಮ್ಮು ಸಿಸ್ಟರ್. ತಂದಾಗ ನೀರಿನ ಹಾಗಿತ್ತು."

ನರ್ಸ್ ಬಾಟಲಿಯನ್ನು ಬೆಳಕಿಗೆ ಹಿಡಿದರು. ಒಳಗಿದ್ದದ್ದು ಕಡು ಕಂದು. ಈ ಸೀರಮ್ಮಿಗೆ ಬಿಸಿಲು, ಬಿಸಿ, ಗಾಳಿ ಮೂರೂ ಆಗುವುದಿಲ್ಲ, ಕಂದಾಯಿತು ಎಂದರೆ ಕೆಟ್ಟಿತು ಎಂದೇ ಅರ್ಥ, ಮತ್ತೆ ಹಚ್ಚಬೇಡಿ ಎಂದರು. ಬಿಸಿಲಿಗೆ ಏನು ಹಚ್ಚುತ್ತೀರಿ ಎಂದು ಕೇಳಿದರು. ಏನೂ ಇಲ್ಲ, ಗಾಜು ಇದೆಯಲ್ಲ ಎಂದಳು ಇವಳು.

"ಪಕ್ಕದ ಕಿಟಕಿ ಗಾಜು ನಂಬ್ಕೊಂಡು ಕೂತ್ರೆ ಆಗಲ್ಲಮ್ಮ. ಮುಖ ಕಂದಿಸೋ ಕಿರಣ ಅದರೊಳಗಿಂದ ಆರಾಮಾಗಿ ಬರುತ್ತೆ. ಅದಕ್ಕೇ ನಿಮ್ಮ ಒಂದೇ ಕೆನ್ನೆ ಹೀಗಾಗಿರೋದು."

ಇನ್ನು ಅದರ ಚಿಂತೆ ಬೇಡ ಬಿಡಿ ಸಿಸ್ಟರ್, ಅತ್ತೆ ಹೇಳಿದ ಹಾಗೆ ನಾನು ಬಸ್ಸೇ ಬಿಡ್ತಿದ್ದೀನಿ ಎಂದು ಡ್ರೈವರಮ್ಮ ಕಿಟಕಿಯ ಆಚೆ ನೋಡುತ್ತಾ ಹೇಳಿದಳು. ನರ್ಸ್ ಬಾಟಲಿಯನ್ನು ಅವಳ ಕೈಗೆ ವಾಪಸ್ ಕೊಟ್ಟರು. ಬಿಡುವ ಮೊದಲು ಒಂದು ಸಲ ಡಾಕ್ಟರಿಗೆ ತೋರಿಸಿ, ಬರುವಾಗ ಅತ್ತೆಯನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಇಳಿದರು.

ರಜೆಯ ದಿನ ಅತ್ತೆ ಸೊಸೆ ಆಸ್ಪತ್ರೆಗೆಂದು ಬಸ್ ಹತ್ತಿದರು. ಓಡಿಸುತ್ತಿದ್ದವನು ಬೇರೆ ಡ್ರೈವರ್. ಸೊಸೆ ಅತ್ತೆಯನ್ನು ಬೇಕೆಂದೇ ಅವನ ಹಿಂದಿನ ಕಿಟಕಿ ಸೀಟಿನಲ್ಲಿ ಕೂರಿಸಿದಳು. ಗಾಜು ಮುಚ್ಚಿತ್ತು. ನಾಲ್ಕು ನಿಲ್ದಾಣ ದಾಟುವಷ್ಟರಲ್ಲಿ ಅತ್ತೆ ಕೆನ್ನೆಗೆ ಅಂಗೈ ಅಡ್ಡ ಹಿಡಿದಿದ್ದರು.

"ಗಾಜು ಹಾಕಿದ್ರೂ ಚುರುಚುರು ಅನ್ನುತ್ತಲ್ಲೇ. ದಿನಾ ಹೀಗೇನಾ?"

ದಿನಾ ಹೀಗೇ, ಆದರೆ ಅಂಗೈ ಅಡ್ಡ ಹಿಡಿಯುವ ಹಾಗಿಲ್ಲ, ಎರಡೂ ಕೈ ಸ್ಟೀರಿಂಗ್ ಮೇಲಿರಬೇಕು ಎಂದಳು ಸೊಸೆ.

ಡಾಕ್ಟರ್ ಕಲೆಗಳನ್ನು ಭೂತಗನ್ನಡಿಯಲ್ಲಿ ನೋಡಿ, ಇದು ಬಂಗು ಅಲ್ಲ, ಬಿಸಿಲಿನ ಕಲೆ, ಹೆದರುವಂಥದ್ದೇನೂ ಇಲ್ಲ ಎಂದರು. ಕೆಂಪು ಇಳಿಯುವವರೆಗೆ ಸೀರಮ್ ಮುಟ್ಟಬಾರದು, ಆಮೇಲೆ ಹೊಸದು ಶುರುಮಾಡಬಹುದು ಎಂದರು. ಹೇಗೆಂಬುದನ್ನು ನರ್ಸ್ ಪಕ್ಕದ ಕೋಣೆಯಲ್ಲಿ ಹೇಳಿಕೊಟ್ಟರು. ಅತ್ತೆಗೆ ಇನ್ನೂ ನಂಬಿಕೆ ಹುಟ್ಟಿರಲಿಲ್ಲ.

"ನಿಂಬೆಹಣ್ಣಲ್ಲೂ ಅದೇ ವಿಟಮಿನ್ನು ಇರುತ್ತಂತಲ್ಲ. ಅದನ್ನೇ ಹಿಂಡಿ ಹಚ್ಚಿದ್ರೆ ಆಯ್ತಪ್ಪ. ಬಾಟ್ಲಿ ಯಾಕೆ?"

"ಅಮ್ಮ, ನಿಂಬೆರಸ ಹಚ್ಕೊಂಡು ಬಿಸಿಲಿಗೆ ಹೋಗಿ, ಸುಟ್ಟ ಮುಖ ತಗೊಂಡು ಇಲ್ಲಿಗೇ ಬರ್ತಾರೆ ಜನ. ಅದರ ಹುಳಿಗೆ ಅಳತೆ ಇಲ್ಲ. ಸೀರಮ್ಮಿಗೆ ಇದೆ. ನಿಂಬೆ ಅಡುಗೆಮನೆಲೇ ಇರ್ಲಿ."

"ಇದನ್ನ ಹಚ್ಚಿದ್ರೆ ಬೆಳ್ಳಗಾಗ್ತಾಳಾ?"

"ಇಲ್ಲಮ್ಮ. ಹುಟ್ಟಿದ ಬಣ್ಣ ಬದಲಾಗಲ್ಲ, ಬದಲಾಗೋದೂ ಬೇಕಿಲ್ಲ. ಬಿಸಿಲು ಮಾಡಿದ ಕಲೆ ನಿಧಾನಕ್ಕೆ ತಿಳಿಯಾಗುತ್ತೆ, ಮಂಕಾದ ಚರ್ಮಕ್ಕೆ ಸ್ವಲ್ಪ ಕಳೆ ಬರುತ್ತೆ. ಅದಕ್ಕಿಂತ ಜಾಸ್ತಿ ಹೇಳಿ ಮಾರೋರನ್ನ ನಂಬಬೇಡಿ."

ಅತ್ತೆ ಕೊನೆಗೆ ತಾವು ಕೇಳಬೇಕೆಂದಿದ್ದುದನ್ನೇ ಕೇಳಿದರು. ಬಸ್ಸು ಬಿಡದೆ ಇದು ವಾಸಿಯಾಗುತ್ತದೆಯೇ? ಕೆಲಸ ಬಿಡಬೇಕಾಗಿಲ್ಲ, ಬಿಸಿಲಿಗೆ ತಡೆ ಇರಬೇಕು ಅಷ್ಟೆ, ಸನ್‌ಸ್ಕ್ರೀನ್ ಹಚ್ಚದಿದ್ದರೆ ಸೀರಮ್ ಹಚ್ಚಿದ್ದೂ ನೀರಲ್ಲಿ ಹೋಮ ಎಂದರು ನರ್ಸ್.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಅತ್ತೆ ಮೂವತ್ತು ವರ್ಷ ಊರವರ ಬಟ್ಟೆಗೆ ಇಸ್ತ್ರಿ ಹಾಕಿದವರು. ಕೆಂಡ ತುಂಬಿದ ಪೆಟ್ಟಿಗೆಯ ಕಾವು ಅವರ ಮುಖದ ಮೇಲೆ ಇನ್ನೂ ಇದ್ದ ಹಾಗೆ ಸೊಸೆಗೆ ಅನ್ನಿಸಿತು.

"ನನ್ನ ಮುಖ ಯಾರೂ ನೋಡ್ಲಿಲ್ಲ ಕಣೇ," ಎಂದರು ಅತ್ತೆ. "ನಾನೂ ನೋಡ್ಕೊಳ್ಲಿಲ್ಲ. ನಿಂದನ್ನಾದ್ರೂ ಯಾರಾದ್ರೂ ನೋಡ್ಬೇಕಲ್ಲ ಅಂತ ನೋಡ್ದೆ. ಹೇಳೋ ರೀತಿ ಗೊತ್ತಾಗ್ಲಿಲ್ಲ."

"ಅತ್ತೆ, ನಂಗೆ ಆ ಸೀಟು ಬೇಕು."

"ಗೊತ್ತಾಯ್ತು. ಊಟ ಬಿಟ್ಟು ಎದ್ಯಲ್ಲ, ಅವತ್ತೇ ಗೊತ್ತಾಯ್ತು. ನಾಳೆ ಹೋಗಿ ಮ್ಯಾನೇಜರಿಗೆ ಬೇಡ ಅಂತ ಹೇಳು."

ಮರುದಿನ ಅವಳು ಹೇಳಿದಳು. ಜೊತೆಗೆ ಡ್ರೈವರ್ ಪಕ್ಕದ ಕಿಟಕಿಗೆ ಒಂದು ಪರದೆ ಬೇಕು ಎಂದೂ ಕೇಳಿದಳು. ಕನ್ನಡಿಗೆ ಅಡ್ಡ ಬರದ ಹಾಗೆ ಅರ್ಧ ಇಳಿಸುವ ಪರದೆ. ಮ್ಯಾನೇಜರ್ ಗೊಣಗಿದರು, ಆದರೆ ಎಲ್ಲ ಬಸ್ಸುಗಳಿಗೂ ಹಾಕಿಸಿದರು. ಹೆಚ್ಚು ಖುಷಿಪಟ್ಟವರು ಗಂಡಸು ಡ್ರೈವರುಗಳು. ಇಷ್ಟು ದಿನ ಬಾಯಿಬಿಟ್ಟು ಕೇಳಲು ಅವರಿಗೆ ನಾಚಿಕೆಯಾಗಿತ್ತಂತೆ.

ಉರಿ, ಕೆಂಪು ಪೂರ್ತಿ ಇಳಿದ ಮೇಲೆ ಹೊಸ ಬಾಟಲಿ ಬಂತು. ಈ ಸಲ ಅದು ಮನೆಯ ಕಪಾಟಿನ ಕತ್ತಲಲ್ಲಿ, ಮುಚ್ಚಳ ಬಿಗಿಯಾಗಿ, ಅತ್ತೆಯ ಕಾವಲಿನಲ್ಲಿ ಕೂತಿತು. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾದರು. ತುರಿಕೆ, ಉರಿ ಏನೂ ಬರಲಿಲ್ಲ. ಆಮೇಲೆ ದಿನ ಬಿಟ್ಟು ದಿನ, ಒಗ್ಗಿದ ಮೇಲೆ ಪ್ರತಿದಿನ. ಬೆಳಿಗ್ಗೆ ಮುಖ ತೊಳೆದು, ಒರೆಸಿ, ಮೂರು ನಾಲ್ಕು ಹನಿ ಎರಡೂ ಕೆನ್ನೆ, ಹಣೆ, ಕುತ್ತಿಗೆಗೆ. ಅದು ಆರಿದ ಮೇಲೆ ತೇವ ಉಳಿಸುವ ಕ್ರೀಮು. ಕೊನೆಗೆ ಸನ್‌ಸ್ಕ್ರೀನ್. ಸನ್‌ಸ್ಕ್ರೀನನ್ನು ಅವಳು ಚೀಲದಲ್ಲಿ ಒಯ್ದು, ಬಿಡುವು ಸಿಕ್ಕಾಗ ಮುಖ ಒರೆಸಿಕೊಂಡು ಮತ್ತೆ ಹಚ್ಚುತ್ತಿದ್ದಳು. ಕಂಡಕ್ಟರ್ ಸೀಟಿಗೂ ಒಂದಿಷ್ಟು ಕೊಟ್ಟಳು. ಅವನು ಮೂಗಿಗೆ ಮಾತ್ರ ಬಳಿದುಕೊಂಡು ಮೂರು ಟ್ರಿಪ್ ಬಿಳಿ ಮೂಗಿನಲ್ಲಿ ಟಿಕೆಟ್ ಹರಿದ.

ಮೊದಲ ವಾರಗಳಲ್ಲಿ ಏನೂ ಕಾಣಲಿಲ್ಲ. ಬಾಟಲಿ ಅರ್ಧ ಇಳಿಯಿತು, ಕಲೆ ಇಳಿಯಲಿಲ್ಲ ಎಂದು ಅತ್ತೆ ಚಡಪಡಿಸಿದರು. ಎರಡು ಮೂರು ತಿಂಗಳು ಬೇಕು ಎಂದು ನರ್ಸ್ ಮೊದಲೇ ಹೇಳಿದ್ದರಿಂದ ಸೊಸೆ ಗಾಬರಿಯಾಗಲಿಲ್ಲ. ಮೂರನೇ ತಿಂಗಳಲ್ಲಿ ಕಲೆಗಳ ಅಂಚು ಕರಗಿತ್ತು. ದವಡೆಯ ಹತ್ತಿರದವು ಮಸುಕಾದವು. ಕಣ್ಣಿನ ಕೆಳಗಿನ ಎರಡು ಹಾಗೇ ಉಳಿದವು. ಅವು ಉಳಿಯಬಹುದು ಎಂದು ಡಾಕ್ಟರೂ ಹೇಳಿದರು. ಇರಲಿ ಬಿಡಿ, ನನ್ನ ಜೊತೆ ಅಷ್ಟು ದೂರ ಓಡಾಡಿದವಲ್ಲವೇ ಎಂದಳು ಡ್ರೈವರಮ್ಮ.

ಆ ತಿಂಗಳು ಡಿಪೋಗೆ ಬಸ್ ಓಡಿಸುವುದನ್ನು ಕಲಿಯಲು ಮೂವರು ಹೊಸ ಹುಡುಗಿಯರು ಬಂದರು. ಕಲಿಸುವ ಹೊಣೆ ಇವಳದು. ಅವರಲ್ಲಿ ಒಬ್ಬಳು ಬಾಗಿಲ ಕಂಬಿ ಹಿಡಿದು ನಿಂತೇ ಇದ್ದಳು. ಬಿಸಿಲಿಗೆ ಮುಖ ಹಾಳಾಗುತ್ತದೆ, ಆಮೇಲೆ ಯಾರು ನೋಡುತ್ತಾರೆ ಎಂದು ಮನೆಯಲ್ಲಿ ಹೇಳಿ ಕಳಿಸಿದ್ದರಂತೆ.

"ಬಿಸಿಲಿಗೆ ಏನು ಮಾಡ್ಬೇಕು ಅಂತ ಆಮೇಲೆ ಹೇಳ್ಕೊಡ್ತೀನಿ, ಅದು ಕಷ್ಟ ಇಲ್ಲ," ಎಂದಳು ಡ್ರೈವರಮ್ಮ. "ಈಗ ಹತ್ತಿ ಕೂತ್ಕೋ. ಕ್ಲಚ್ಚು ಪೂರ್ತಿ ಒತ್ತು."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನೀವು ಬಸ್ ಓಡಿಸದೆ ಇರಬಹುದು. ಅಂಗಡಿ ಮುಂದೆ ನಿಲ್ಲುವವರಿರಬಹುದು, ಕಿಟಕಿ ಪಕ್ಕ ಕೂತು ಹೊಲಿಯುವವರಿರಬಹುದು. ವಿಟಮಿನ್ ಸಿ ಸೀರಮ್ ಹಚ್ಚುವುದಾದರೆ ಮೊದಲು ಕೈಗೆ ಹಚ್ಚಿ ನೋಡಿ, ತೊಳೆದ ಮುಖಕ್ಕೆ ಪೂರ್ತಿಯಾಗಿ ಸ್ವಲ್ಪವೇ ಹಚ್ಚಿ, ಮೇಲೆ ಸನ್‌ಸ್ಕ್ರೀನ್ ಮರೆಯಬೇಡಿ. ಬಾಟಲಿ ಕತ್ತಲಲ್ಲಿ, ತಂಪಾದ ಕಡೆ ಇರಲಿ. ಕಂದಾದರೆ ಎಸೆಯಲು ಹೊಟ್ಟೆ ಉರಿಸಿಕೊಳ್ಳಬೇಡಿ. ಬಸುರಿಯರು, ಮುಖಕ್ಕೆ ಬೇರೆ ಔಷಧಿ ಹಚ್ಚುತ್ತಿರುವವರು ಡಾಕ್ಟರನ್ನು ಕೇಳಿಯೇ ಶುರುಮಾಡಿ. ಬೆಳೆಯುವ, ಆಕಾರ ಬದಲಿಸುವ, ರಕ್ತ ಒಸರುವ ಕಲೆ ಇದ್ದರೆ ಯಾವ ಸೀರಮ್ಮೂ ಬೇಡ, ತಡಮಾಡದೆ ತೋರಿಸಿ.

ಮುಖದ ಮೇಲೊಂದು ಕಲೆ ಬಂತೆಂದು ಇಷ್ಟದ ಕೆಲಸದಿಂದ ಎದ್ದು ಬರಬೇಡಿ. ಕಲೆಗೆ ಉಪಾಯ ಇದೆ, ಕೇಳಿದರೆ ಹೇಳುವವರೂ ಇದ್ದಾರೆ. ನಾಳೆ ಬೆಳಿಗ್ಗೆ ಹೊರಗೆ ಹೊರಡುವ ಮೊದಲು ನಿಮಗಾಗಿ ಐದು ನಿಮಿಷ ಎತ್ತಿಡಿ.