ಉಪ್ಪು ನೋಡುವ ಕೆಲಸ

ಮೂವತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೌಟು ಹಿಡಿದ ಅಡುಗೆಯವನು ಈಗ ಹಾಸಿಗೆ ಹಿಡಿದಿದ್ದ. ಕ್ಯಾನ್ಸರ್ ಮೂಳೆಗೂ ಹಬ್ಬಿತ್ತು; ವಾಸಿಯಾಗುವ ಮಾತನ್ನು ವೈದ್ಯರು ಬಿಟ್ಟೇಬಿಟ್ಟಿದ್ದರು. ಆದರೂ ಹೆಂಡತಿ ದಿನಾ ಒಲೆಯಿಂದ ಒಂದು ಚಮಚ ಬೇಳೆ ತಂದು ಬಾಯಿಗೆ ಹಿಡಿದು, “ಉಪ್ಪು ನೋಡಿ” ಅನ್ನುತ್ತಿದ್ದಳು. ಆ ಒಂದು ಗಳಿಗೆ ಅವನು ರೋಗಿಯಾಗಿರುತ್ತಿರಲಿಲ್ಲ.

ಔಷಧಿ ಅವನ ನಾಲಿಗೆಯ ರುಚಿಯನ್ನು ಕೊಂದು ತಿಂಗಳುಗಳೇ ಆಗಿದ್ದವು. ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಸುಮ್ಮನೆ ‘ಸರಿಯಾಗಿದೆ’ ಅಂದರೆ ಕೆಲಸ ಮಾಡಿದ ಹಾಗಾಗುವುದಿಲ್ಲವಲ್ಲ, ಅದಕ್ಕೇ “ಇನ್ನೊಂದು ಚಿಟಿಕೆ ಬೀಳಲಿ” ಅನ್ನುತ್ತಿದ್ದ. ಅದಕ್ಕೊಂದು ಗತ್ತು ಬೇರೆ.

ಭಾನುವಾರ ಅವನ ತಂಗಿ ಬಂದಳು. ಅವಳದು ಮೊದಲೇ ಹರಿತ ಬಾಯಿ. ಪಕ್ಕದ ಕೋಣೆಯಲ್ಲಿ ಮೊದಲ ತುತ್ತಿಗೇ, “ಇದೇನು ಅತ್ತಿಗೆ, ಬೇಳೆನ ಸಮುದ್ರದಲ್ಲಿ ಬೇಯಿಸಿದ್ರಾ?” ಅಂದಳು.

“ಮೆಲ್ಲಗೆ ಅತ್ತೆ, ಅಪ್ಪನಿಗೆ ಕೇಳಿಸುತ್ತೆ,” ಅಂದಳು ಮಗಳು. “ನಮಗೆಲ್ಲ ಅಭ್ಯಾಸ ಆಗಿಹೋಗಿದೆ.”

ಗೋಡೆಯ ಈಚೆ ಅವನ ಕಿವಿ ಬಿಸಿಯಾಯಿತು. ಇಷ್ಟು ದಿನ ಮನೆಮಂದಿಯೆಲ್ಲ ತುಟಿ ಪಿಟಕ್ಕೆನ್ನದೆ ತನ್ನ ಸುಳ್ಳನ್ನು ಉಂಡಿದ್ದರು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮರುದಿನ ಚಮಚ ಬಂದಾಗ ಅವನು ಗೋಡೆಯತ್ತ ಮುಖ ತಿರುಗಿಸಿದ. “ನನಗೆ ಏನೂ ಗೊತ್ತಾಗಲ್ಲ. ಇಷ್ಟು ದಿನ ಆಡಿದ್ದೆಲ್ಲ ನಾಟಕ.”

“ಗೊತ್ತು,” ಅಂದಳು ಹೆಂಡತಿ. ಚಮಚ ಹಿಂದೆ ಸರಿಯಲಿಲ್ಲ. “ಬೇಗ ನೋಡಿ ಹೇಳಿ. ಮಕ್ಕಳು ತಟ್ಟೆ ಇಟ್ಕೊಂಡು ಕೂತಿದ್ದಾರೆ.”

ಅವನು ಅವಳ ಮುಖ ನೋಡಲಾರದೆ ಕಣ್ಣು ಮುಚ್ಚಿ ಬಾಯಿ ತೆರೆದ.

“ಸರಿಯಾಗಿದೆ,” ಅಂದ.